ಸೇವೆ ಪಠ್ಯವಾದಾಗ

ವಿದ್ಯೆಯು ನಾಲ್ಕು ಕಾಲಗಳಲ್ಲಿ ಉಪಯುಕ್ತವಾಗುತ್ತದೆಂದು ಮಹಾಭಾಷ್ಯಕಾರನಾದ ಪತಂಜಲಿಯು ಹೇಳಿರುವನು: ಗುರುಮುಖದಿಂದ ಪಡೆಯುವ ಕಾಲ, ತಾನೇ ಅಭ್ಯಸಿಸುವ ಕಾಲ, ಪರರಿಗೆ ಪ್ರವಚನ ಮಾಡುವ ಕಾಲ, ಕಡೆಯದಾಗಿ ವ್ಯವಹಾರಕಾಲ. ಮೊದಲಿನ ಮೂರನ್ನು ಪ್ರಪಂಚದ ವಿದ್ಯಾಲಯಗಳೆಲ್ಲವೂ ಶಕ್ತ್ಯನುಸಾರ ನಿರ್ವಹಿಸಿಕೊಂಡು ಬಂದಿವೆ. ನಾಲ್ಕನೆಯದನ್ನು ಮಾತ್ರ ಘಟಿಕೋತ್ಸವದ ಮರುದಿನಕ್ಕೆ ಬಿಟ್ಟು, ಅದು ಪದವೀಧರನ ಹಣೆಬರಹವೆಂಬಂತೆ ಸುಮ್ಮನಾಗಿವೆ. ನ್ಯಾಯದ ಲಕ್ಷಣವನ್ನು ಪರೀಕ್ಷೆಯಲ್ಲಿ ಅಸ್ಖಲಿತವಾಗಿ ಒಪ್ಪಿಸಿ ಪ್ರಥಮಶ್ರೇಣಿಯನ್ನು ಗಳಿಸಿದ ತರುಣನು, ತನ್ನ ಊರಿನಲ್ಲಿಯೇ ಅನ್ಯಾಯವನ್ನುಂಡು ಬದುಕುವವರ ಕೇರಿಗೆ ದಾರಿ ಯಾವುದೆಂದು ಅರಿಯದಿರುವುದು ಯಾವ ದೇಶದಲ್ಲಿಯೂ ಅಪೂರ್ವದ ಸಂಗತಿಯಲ್ಲ. ಈ ನಾಲ್ಕನೆಯ ಕಾಲವನ್ನು ವಿದ್ಯಾರ್ಥಿದೆಶೆಯೊಳಕ್ಕೇ ಎಳೆದುತಂದು, ಬಡವರ ಸೇವೆಯನ್ನೂ ನ್ಯಾಯದ ವಿಚಾರವನ್ನೂ ದೈವಶ್ರದ್ಧೆಯನ್ನೂ ಒಂದೇ ತರಗತಿಯಲ್ಲಿ ಕಲಿಸಲು ಹೊರಟ ಒಂದು ಪ್ರಯೋಗವು ಅಮೆರಿಕ ದೇಶದಲ್ಲಿ ಅರ್ಧ ಶತಮಾನಕ್ಕೂ ಮೀರಿ ನಡೆದುಬಂದಿದೆ. ಅದರ ಪರಿಚಯವು ವಿದ್ಯಾಸಂಸ್ಥೆಗಳ ಹಿತಚಿಂತಕರಿಗೆ ಅಪ್ರಯೋಜಕವಾಗದು.

ಆ ದೇಶದ ಪೂರ್ವತೀರದ ಬಾಸ್ಟನ್ ನಗರದ ಅಂಚಿನಲ್ಲಿ ಬಾಸ್ಟನ್ ಕಾಲೇಜ್ ಎಂಬ ವಿದ್ಯಾಸಂಸ್ಥೆಯಿದೆ. ಹೆಸರಿನಲ್ಲಿ ಕಾಲೇಜೆಂದಿದ್ದರೂ ಅದು ವಿಶ್ವವಿದ್ಯಾಲಯವೇ ಸರಿ. ಅದನ್ನು 1863ರಲ್ಲಿ ಸ್ಥಾಪಿಸಿದವರು ಯೇಸುಸಭೆಯ ಪಾದ್ರಿಗಳು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರೂ ಇದೇ ಸಭೆಯವರೆಂಬುದನ್ನು ಕನ್ನಡ ವಾಚಕರು ಬಲ್ಲರು. ಐರ್ಲೆಂಡಿನ ಬರಗಾಲದಿಂದ ತತ್ತರಿಸಿ ಕಡಲು ದಾಟಿ ಬಂದ ಬಡ ಕುಟುಂಬಗಳ ಮಕ್ಕಳಿಗೆ ಬಾಸ್ಟನ್ನಿನ ಹಳೆಯ ಪ್ರತಿಷ್ಠಿತ ವಿದ್ಯಾಮಂದಿರಗಳ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಅಂಥವರಿಗಾಗಿ ಹುಟ್ಟಿದುದು ಈ ಕಾಲೇಜು. ನೂರು ವರ್ಷ ಕಳೆಯುವುದರೊಳಗೆ ಆ ವಲಸೆಗಾರರ ಮೊಮ್ಮಕ್ಕಳು ಉಳ್ಳವರಾದರು. ಅವರೊಡನೆ ಕಾಲೇಜೂ ಉಳ್ಳವರದಾಯಿತು. ಬಡತನವೆಂಬುದು ಅದರ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಮಾತ್ರ ಉಳಿಯಿತು. ಯಾವ ಧರ್ಮದ ಯಾವ ಮಠಮಂದಿರಗಳು ನಡೆಸುವ ಶಾಲೆಗಾದರೂ ಒದಗಬಹುದಾದ ವಿಧಿಯಿದು.

1969ರಲ್ಲಿ ಅಲ್ಲಿ 'ಪಲ್ಸ್' ಎಂಬ ಹೆಸರಿನಿಂದ ಒಂದು ಯೋಜನೆಯು ಆರಂಭವಾಯಿತು. ಪಲ್ಸ್ ಎಂದರೆ ನಾಡಿಮಿಡಿತ. ಕಾಲವು ಅಂಥದು. ಹಿಂದಿನ ವರ್ಷ, 1968ರ ಏಪ್ರಿಲ್ 4ರಂದು, ಕರಿಯ ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿದ್ದನು. ವಿಯೆಟ್ನಾಂ ಯುದ್ಧವು ಅಮೆರಿಕದ ಮನೆಮನೆಯಲ್ಲಿಯೂ ಕಲಹವನ್ನು ಹುಟ್ಟಿಸಿತ್ತು. ತಾವು ಓದುತ್ತಿರುವುದಕ್ಕೂ ಹೊರಗೆ ನಡೆಯುತ್ತಿರುವುದಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳತೊಡಗಿದ್ದರು. ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವ ಬದಲು ಅದಕ್ಕೊಂದು ಪಾಠಕ್ರಮದ ರೂಪವನ್ನು ಕೊಟ್ಟದ್ದು ಆ ಕಾಲೇಜಿನವರ ವಿವೇಕ.

ಪಾಠಕ್ರಮದ ರಚನೆಯು ಹೀಗಿದೆ. ಆ ಕಾಲೇಜಿನಲ್ಲಿ ಯಾವ ವಿಷಯದಲ್ಲಿ ಪದವಿ ಪಡೆಯಬೇಕಾದರೂ ತತ್ತ್ವಶಾಸ್ತ್ರವನ್ನೂ ದೇವತಾಶಾಸ್ತ್ರವನ್ನೂ ಕೆಲಮಟ್ಟಿಗೆ ಓದಲೇಬೇಕು. ಈ ಎರಡು ಕಡ್ಡಾಯ ವಿಷಯಗಳನ್ನು ಕೂಡಿಸಿ 'ವ್ಯಕ್ತಿ ಮತ್ತು ಸಾಮಾಜಿಕ ಹೊಣೆ' ಎಂಬರ್ಥದ ಹೆಸರಿನ ಒಂದು ತರಗತಿಯನ್ನು ರಚಿಸಿದರು. ಅದು ಇಡೀ ವರ್ಷ ನಡೆಯುತ್ತದೆ. ಅದನ್ನು ಆಯ್ದುಕೊಂಡ ವಿದ್ಯಾರ್ಥಿಯು ವಾರಕ್ಕೆ ಹತ್ತು ಗಂಟೆಗಳ ಆಸುಪಾಸು ನಗರದ ಒಂದು ನಿಯತವಾದ ಸ್ಥಳದಲ್ಲಿ ದುಡಿಯತಕ್ಕದ್ದು: ಮನೆಯಿಲ್ಲದವರ ತಂಗುದಾಣ, ಸೆರೆಮನೆ, ವಲಸೆಗಾರರಿಗೆ ಇಂಗ್ಲಿಷ್ ಹೇಳಿಕೊಡುವ ಸಂಜೆಯ ಪಾಠಶಾಲೆ ಮೊದಲಾದವು. ವಾರದ ಉಳಿದ ದಿನಗಳಲ್ಲಿ ತರಗತಿ, ಪಠನ, ಚಿಕ್ಕ ಗುಂಪುಗಳಲ್ಲಿ ಚರ್ಚೆ, ಬರವಣಿಗೆ. ಓದಿಸುವ ಗ್ರಂಥಗಳಲ್ಲಿ ಹೊಸತೇನೂ ಇಲ್ಲ. ಪ್ಲೇಟೋ, ಅರಿಸ್ಟಾಟಲ್, ಬೈಬಲ್ಲಿನ ಪ್ರವಾದಿಗಳು ಮತ್ತು ಸುವಾರ್ತೆಗಳು, ಇತ್ತೀಚಿನವರಲ್ಲಿ ಕಿಂಗ್ ಮೊದಲಾದವರು. ಹೊಸತಾದುದು ಅವನ್ನು ಓದುವ ಕಣ್ಣು.

ತಂಗುದಾಣಕ್ಕೆ ಹೋಗುವ ಹತ್ತೊಂಬತ್ತು ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಂಡರೆ ಇದರ ಮರ್ಮವು ತಿಳಿಯುತ್ತದೆ. ಮೊದಲ ಕೆಲವು ವಾರ ಅವನಿಗೆ ಒಂದು ಬಗೆಯ ಹಿತವಾದ ಭಾವ. ಬಿಸಿ ಸಾರು ಬಡಿಸುತ್ತಾನೆ. ಹಸಿದವನು ಕೃತಜ್ಞತೆಯಿಂದ ನೋಡುತ್ತಾನೆ. ತಾನು ಒಳ್ಳೆಯವನೆಂಬ ನಂಬಿಕೆ ಪ್ರತಿ ಸಂಜೆಯೂ ಬಲಿಯುತ್ತದೆ. ಚಳಿಗಾಲ ಹತ್ತಿರವಾದಂತೆ ಬಡಿಸಿಕೊಳ್ಳುವವರ ಮುಖಗಳು ಪರಿಚಿತವಾಗುತ್ತವೆ. ಅವರಲ್ಲೊಬ್ಬನು ಹಗಲೆಲ್ಲ ಕೂಲಿ ಮಾಡುವವನೆಂದು ಒಂದು ದಿನ ತಿಳಿದುಬರುತ್ತದೆ. ಸೋಮಾರಿಯಲ್ಲ, ಕುಡುಕನಲ್ಲ, ದುಡಿದ ಕೂಲಿಯು ಆ ನಗರದಲ್ಲಿ ಒಂದು ಕೋಣೆಯ ಬಾಡಿಗೆಗೂ ಸಾಲದು, ಅಷ್ಟೆ. ಆ ದಿನದವರೆಗೆ ವಿದ್ಯಾರ್ಥಿಯ ಮನಸ್ಸಿನಲ್ಲಿದ್ದುದು 'ಇವನಿಗೆ ಏನು ಕೊಡಲಿ' ಎಂಬ ಪ್ರಶ್ನೆ. ಅಂದಿನಿಂದ 'ಇವನು ಇಲ್ಲೇಕೆ ಇದ್ದಾನೆ' ಎಂಬ ಪ್ರಶ್ನೆ.

ಆ ವಾರ ತರಗತಿಯಲ್ಲಿ ಪ್ಲೇಟೋವಿನ 'ರಿಪಬ್ಲಿಕ್' ಗ್ರಂಥದ ಮೊದಲ ಭಾಗವು ನಡೆಯುತ್ತಿದ್ದರೆ, ನ್ಯಾಯವೆಂಬುದು ಬಲಿಷ್ಠರ ಹಿತವಲ್ಲದೆ ಬೇರೇನೂ ಅಲ್ಲವೆಂದು ವಾದಿಸುವ ಥ್ರಾಸಿಮಾಕಸ್ ಎಂಬ ಪಾತ್ರವು ಅವನಿಗೆ ಎರಡು ಸಾವಿರದ ನಾನೂರು ವರ್ಷ ಹಿಂದಿನ ಗ್ರೀಕನಂತೆ ಕಾಣುವುದಿಲ್ಲ. ಬಾಡಿಗೆಯನ್ನು ಏರಿಸಿದ ಕಟ್ಟಡದ ಒಡೆಯನ ದನಿಯೇ ಅಲ್ಲಿ ಕೇಳಿಸುತ್ತದೆ. ದೇವರಿಗೆ ಉತ್ಸವಗಳನ್ನು ನಡೆಸುತ್ತ ಬಡವರನ್ನು ತುಳಿಯುವವರನ್ನು ಉಗ್ರವಾಗಿ ಖಂಡಿಸಿದ ಆಮೋಸನೆಂಬ ಪ್ರವಾದಿಯು ಕ್ರಿಸ್ತಪೂರ್ವ ಎಂಟನೆಯ ಶತಮಾನದ ಒಬ್ಬ ಕುರಿಗಾಹಿ. ಅವನ ಮಾತು ಬಾಸ್ಟನ್ನಿನ ಭವ್ಯ ದೇವಾಲಯಗಳ ನಡುವೆ ನಡೆದುಬಂದ ಹುಡುಗನಿಗೆ ಮುಜುಗರ ತರುತ್ತದೆ. 1963ರಲ್ಲಿ ಬರ್ಮಿಂಗ್‌ಹ್ಯಾಂ ಸೆರೆಮನೆಯಿಂದ ಕಿಂಗ್ ಬರೆದ ಪತ್ರವು, ತಾಳ್ಮೆಯಿಂದಿರಬೇಕೆಂದು ಉಪದೇಶಿಸಿದ ಧರ್ಮಗುರುಗಳಿಗೆ ಕೊಟ್ಟ ಉತ್ತರವೆಂಬುದು ತಿಳಿದಾಗ, ತಾಳ್ಮೆಯೆಂಬ ಸದ್ಗುಣಕ್ಕೂ ಒಂದು ಮರೆಯಿರಬಹುದೆಂದು ಮೊದಲ ಬಾರಿಗೆ ಹೊಳೆಯುತ್ತದೆ.

ಸಾಂಪ್ರದಾಯಿಕ ಪಾಠಶಾಲೆಗಳಲ್ಲಿ ಮೂಲಕ್ಕೂ ವ್ಯಾಖ್ಯಾನಕ್ಕೂ ಇರುವ ಸಂಬಂಧವನ್ನು ಬಲ್ಲವರಿಗೆ ಈ ವಿಧಾನವು ಅಪರಿಚಿತವೆನಿಸದು. ಸೂತ್ರವು ಮುಂದಿರುತ್ತದೆ, ಭಾಷ್ಯವು ಅದನ್ನು ಬಿಡಿಸುತ್ತದೆ, ಭಾಷ್ಯವನ್ನು ಓದಿದ ಮೇಲೆ ಸೂತ್ರಕ್ಕೆ ಮರಳಿದರೆ ಅದೇ ಅಕ್ಷರಗಳು ಬೇರೆಯಾಗಿ ಕಾಣುತ್ತವೆ. ಇಲ್ಲಿ ತಂಗುದಾಣವು ಸೂತ್ರ, ಪ್ಲೇಟೋ ಭಾಷ್ಯ. ಕೆಲವೊಮ್ಮೆ ಪ್ಲೇಟೋ ಸೂತ್ರವಾಗಿ ತಂಗುದಾಣವೇ ಭಾಷ್ಯವಾಗುವುದೂ ಉಂಟು. ವಿಚಾರವಿಲ್ಲದ ಸೇವೆಯು ಅರ್ಥವನ್ನರಿಯದ ಕಂಠಪಾಠದಂತೆ: ನಾಲಗೆ ಹೊರಳುತ್ತದೆ, ಬುದ್ಧಿ ಮಲಗಿರುತ್ತದೆ.

ಸೇವೆಯನ್ನೂ ನ್ಯಾಯವನ್ನೂ ಹೀಗೆ ಜೋಡಿಸಿದುದರಲ್ಲಿಯೇ ಈ ಪಾಠಕ್ರಮದ ತಿರುಳಿದೆ. ದಾನದಲ್ಲಿ ದೃಷ್ಟಿಯು ಕೊಡುವವನ ಮೇಲಿರುತ್ತದೆ. ಕೊಟ್ಟವನಿಗೆ ಪುಣ್ಯ, ಕೀರ್ತಿ, ಕಲ್ಲಿನ ಮೇಲೆ ಹೆಸರು. ನ್ಯಾಯದಲ್ಲಿ ದೃಷ್ಟಿಯು ಪಡೆಯುವವನ ಮೇಲೆ ತಿರುಗುತ್ತದೆ. ಅವನಿಗೆ ಸಲ್ಲಬೇಕಾದುದು ಸಂದಿತೇ ಎಂದು ಅದು ಕೇಳುತ್ತದೆ. ಸಲ್ಲಬೇಕಾದುದನ್ನು ತಡೆದಿಟ್ಟುಕೊಂಡು ಅದರಲ್ಲಿ ಒಂದಂಶವನ್ನು ದಾನವೆಂದು ಕೊಡುವುದು ಲೋಕದಲ್ಲಿ ಬಹಳ ಪ್ರಚಲಿತವಾದ ಧರ್ಮಕಾರ್ಯ. ಕನ್ನಡದ ಶರಣರು ದಾನವೆಂಬ ಮಾತನ್ನು ಬಿಟ್ಟು ದಾಸೋಹವೆಂಬ ಮಾತನ್ನು ಹಿಡಿದುದರ ಹಿಂದೆಯೂ ಇಂಥದೊಂದು ಎಚ್ಚರವಿತ್ತು. ಅಲ್ಲಿ ಬಡಿಸುವವನೇ ದಾಸ, ಉಣ್ಣುವವನಲ್ಲ. ಆ ಮಾತಿನ ಅರ್ಥವನ್ನು ಪಂಕ್ತಿಭೋಜನಕ್ಕೆ ಇಳಿಸಿಕೊಂಡಿರುವ ಕಾಲದಲ್ಲಿ ಅದನ್ನು ನೆನೆಯುವುದು ತಪ್ಪಲ್ಲ.

ಇನ್ನು ಶ್ರದ್ಧೆಯ ಮಾತು. ಪಾದ್ರಿಗಳ ಕಾಲೇಜಿನಲ್ಲಿ ಇಂಥ ಪಾಠವೆಂದೊಡನೆ ಮತಪ್ರಚಾರದ ಸಂದೇಹವು ಮೂಡುವುದು ಸಹಜ. ಆದರೆ ತರಗತಿಯಲ್ಲಿ ಕ್ಯಾಥೊಲಿಕರಲ್ಲದವರೂ ಏನನ್ನೂ ನಂಬದವರೂ ಇರುತ್ತಾರೆ. ನಂಬಿಕೆಯನ್ನು ಅಲ್ಲಿ ಪಠಿಸಲಾಗುತ್ತದೆ, ಹೇರಲಾಗುವುದಿಲ್ಲ. ಅದರ ಅಗತ್ಯವೇನೆಂಬುದಕ್ಕೆ ಆ ಸಭೆಯ ಇತಿಹಾಸವನ್ನೇ ನೋಡಬೇಕು. ಸ್ಪೇನ್ ದೇಶದ ಬಿಲ್ಬಾವೊದಲ್ಲಿ 1907ರಲ್ಲಿ ಹುಟ್ಟಿದ ಪೆದ್ರೊ ಅರೂಪೆ ಎಂಬುವನು ವೈದ್ಯವಿದ್ಯೆಯನ್ನು ಅರ್ಧಕ್ಕೆ ಬಿಟ್ಟು ಯೇಸುಸಭೆಯನ್ನು ಸೇರಿ ಜಪಾನಿಗೆ ಹೋದನು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅವನು ಆ ನಗರದ ಹೊರವಲಯದ ಆಶ್ರಮದಲ್ಲಿದ್ದನು. ಪ್ರಾರ್ಥನಾಮಂದಿರವೇ ಆಸ್ಪತ್ರೆಯಾಯಿತು, ಕಲಿತಷ್ಟೇ ವೈದ್ಯದಿಂದ ಸುಟ್ಟ ಮೈಗಳಿಗೆ ಚಿಕಿತ್ಸೆ ನಡೆಯಿತು. ಇಪ್ಪತ್ತು ವರ್ಷಗಳ ತರುವಾಯ, 1965ರಲ್ಲಿ, ಅವನೇ ಸಭೆಯ ಮಹಾಧಿಪತಿಯಾಗಿ ಚುನಾಯಿತನಾದನು.

1973ರ ಜುಲೈ 31ರಂದು ವೆಲೆನ್ಸಿಯಾ ನಗರದಲ್ಲಿ ಸಭೆಯ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಮ್ಮೇಳನವು ನಡೆಯಿತು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನವೆಂದರೆ ಎಲ್ಲೆಡೆಯಂತೆ ಗುರುಸ್ಮರಣೆ, ಪರಸ್ಪರ ಅಭಿನಂದನೆ. ಮಹಾಧಿಪತಿಯಾಗಿದ್ದ ಅರೂಪೆಯು ಎದ್ದುನಿಂತು, ನ್ಯಾಯಕ್ಕಾಗಿ ದುಡಿಯುವಂತೆ ನಿಮಗೆ ಕಲಿಸಿದೆವೇ ಎಂದು ತಾನೇ ಕೇಳಿ, ಇಲ್ಲವೆಂದು ತಾನೇ ಉತ್ತರ ಕೊಟ್ಟನು. ಪರರಿಗಾಗಿ ಬಾಳುವವರನ್ನು ರೂಪಿಸದ ವಿದ್ಯೆಯು ಅಪೂರ್ಣವೆಂದೂ, ನೆರೆಯವನಿಗೆ ನ್ಯಾಯವನ್ನು ಸಲ್ಲಿಸದ ದೈವಪ್ರೇಮವು ಸೋಗೆಂದೂ ಅವನ ಮಾತಿನ ಅಭಿಪ್ರಾಯ. ಸಭಿಕರಲ್ಲಿ ಹಲವರು ಸಿರಿವಂತ ಮನೆತನದವರು. ಅವರಿಗೆ ಈ ಮಾತು ಕಹಿಯಾಯಿತು. ಆದರೂ ಎರಡು ವರ್ಷದೊಳಗೆ, 1975ರಲ್ಲಿ ಮುಗಿದ ಮಹಾಸಭೆಯು ಶ್ರದ್ಧೆಯ ಸೇವೆ ಮತ್ತು ನ್ಯಾಯದ ಸ್ಥಾಪನೆ ಇವೆರಡನ್ನೂ ಬೇರ್ಪಡಿಸಬಾರದೆಂದು ತನ್ನ ನಾಲ್ಕನೆಯ ನಿರ್ಣಯದಲ್ಲಿ ವಿಧಿಸಿತು. ಬಾಸ್ಟನ್ನಿನಲ್ಲಿ ಆಗಲೇ ನಡೆಯುತ್ತಿದ್ದ ಪಾಠಕ್ರಮವು ಈ ವಿಧಿಯಿಂದ ಇಡೀ ಸಭೆಯ ಬೆಂಬಲವನ್ನು ಪಡೆಯಿತು.

ಆಕ್ಷೇಪಗಳು ಇಲ್ಲದಿಲ್ಲ, ಅವು ಹಗುರವಾದವೂ ಅಲ್ಲ. ಬಾಸ್ಟನ್ನಿನ ತರಗತಿಯು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ, 1968ರ ಏಪ್ರಿಲ್‌ನಲ್ಲಿ, ಸ್ವತಃ ಪಾದ್ರಿಯಾಗಿದ್ದ ಇವಾನ್ ಇಲಿಚ್ ಮೆಕ್ಸಿಕೋ ದೇಶದ ಕುಯೆರ್ನವಾಕದಲ್ಲಿ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ಅವರ ಸದುದ್ದೇಶವೇ ಅಲ್ಲಿನ ಬಡವರಿಗೆ ಉಪದ್ರವವೆಂದು ನಿರ್ದಾಕ್ಷಿಣ್ಯವಾಗಿ ಹೇಳಿದನು. ನೋಡಲು, ಕಲಿಯಲು ಬರುವುದಾದರೆ ಬರಲಿ, ಉದ್ಧಾರ ಮಾಡಲು ಮಾತ್ರ ಬೇಡ ಎಂಬುದು ಅವನ ನಿಲುವು. ಭಾಷೆ ತಿಳಿಯದ, ಊರು ತಿಳಿಯದ ಸುಖಜೀವಿಯೊಬ್ಬನು ಎರಡು ತಿಂಗಳ ರಜೆಯಲ್ಲಿ ಯಾರನ್ನು ತಾನೇ ಉದ್ಧರಿಸಿಯಾನು?

ಎರಡನೆಯ ಆಕ್ಷೇಪವು ಅಂಕಗಳದು. ಅಂಕದಾಸೆಯಿಂದ ಬಡಿಸಿದ ಅನ್ನವು ಸೇವೆಯೇ? ಇಂಥ ತರಗತಿಗಳನ್ನು ನಡೆಸುವವರು ಇದಕ್ಕೊಂದು ನಿಯಮವನ್ನು ಕಂಡುಕೊಂಡಿದ್ದಾರೆ. ಅಂಕವು ಸೇವೆಗಲ್ಲ, ಸೇವೆಯಿಂದ ಕಲಿತುದಕ್ಕೆ. ದುಡಿದ ಗಂಟೆಗಳು ಗ್ರಂಥವನ್ನು ಕೊಂಡಂತೆ ಮಾತ್ರ; ಕೊಂಡುದಕ್ಕೆ ಯಾರೂ ಅಂಕ ಕೊಡುವುದಿಲ್ಲ. ನಿಯಮವು ಜಾಣತನದ್ದೇ. ಆದರೆ ಅದು ಮೂರನೆಯ, ಎಲ್ಲಕ್ಕಿಂತ ತೀಕ್ಷ್ಣವಾದ ಆಕ್ಷೇಪಕ್ಕೆ ಎಡೆಗೊಡುತ್ತದೆ. ಸೇವೆಯು ಗ್ರಂಥವಾದರೆ ಬಡವನು ಅದರ ಪುಟವಾದಂತಾಯಿತು. ಮೇ ತಿಂಗಳಿನಲ್ಲಿ ಶಾಲೆಯ ವರ್ಷವು ಮುಗಿಯುತ್ತದೆ. ವಿದ್ಯಾರ್ಥಿಯು ಗ್ರಂಥವನ್ನು ಮುಚ್ಚಿ ಊರಿಗೆ ಹೊರಡುತ್ತಾನೆ. ತಂಗುದಾಣದವನಿಗೆ ಮೇ ತಿಂಗಳಿಲ್ಲ. ಹೊಸ ವರ್ಷದಲ್ಲಿ ಮತ್ತೊಬ್ಬ ಹುಡುಗನು ಬಂದು ಅದೇ ಹೆಸರನ್ನು ಕೇಳುತ್ತಾನೆ, ಅದೇ ಕಥೆಯನ್ನು ಕೇಳುತ್ತಾನೆ. ಇದಕ್ಕೆ ಪೂರ್ಣವಾದ ಪರಿಹಾರವು ಯಾವ ಪಾಠಕ್ರಮದಲ್ಲಿಯೂ ಇದ್ದಂತಿಲ್ಲ. ಒಂದು ದಿನದ ಭೇಟಿಯನ್ನೋ ವಾರದ ಶಿಬಿರವನ್ನೋ ಒಪ್ಪದೆ ಇಡೀ ವರ್ಷ ಒಂದೇ ಸ್ಥಳಕ್ಕೆ ಹೋಗುತ್ತಿರಬೇಕೆಂಬ ಬಾಸ್ಟನ್ನಿನ ಕಟ್ಟಳೆಯು ಆ ದೋಷವನ್ನು ತಗ್ಗಿಸುತ್ತದೆ, ಕಳೆಯುವುದಿಲ್ಲ.

ಭಾರತದಲ್ಲಿಯೂ ಅದೇ 1969ರಲ್ಲಿಯೇ, ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ಪ್ರಾರಂಭವಾಯಿತೆಂಬುದು ಒಂದು ಸ್ವಾರಸ್ಯವಾದ ಕಾಕತಾಳೀಯ. ಅದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ಅದನ್ನು ಉದ್ಘಾಟಿಸಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಅವರು ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ವರ್ಷಕ್ಕೆ 120 ಗಂಟೆಗಳ ಸೇವೆ, ಎರಡು ವರ್ಷಕ್ಕೆ 240, ಜೊತೆಗೆ ಒಂದು ವಿಶೇಷ ಶಿಬಿರ: ಈ ಕ್ರಮವನ್ನು ಕನ್ನಡನಾಡಿನ ಲಕ್ಷಾಂತರ ವಿದ್ಯಾರ್ಥಿಗಳು ಬಲ್ಲರು. ಅದರ ವ್ಯಾಪ್ತಿಯ ಮುಂದೆ ಬಾಸ್ಟನ್ನಿನದು ಅಂಗೈಯಗಲದ ಕೆಲಸ. ಆದರೆ ಸೇವಾ ಯೋಜನೆಯು ತರಗತಿಯ ಹೊರಗೆ ಉಳಿಯಿತು. ಸೇವೆಗೆ ಒಂದು ಪ್ರಮಾಣಪತ್ರ, ಪಾಠಕ್ಕೆ ಬೇರೊಂದು ಅಂಕಪಟ್ಟಿ. ಶಿಬಿರದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಚರಂಡಿಯನ್ನು ತೆಗೆಯುತ್ತಾರೆ, ಸಸಿಗಳನ್ನು ನೆಡುತ್ತಾರೆ, ಗುಡಿಯ ಅಂಗಳವನ್ನು ಗುಡಿಸುತ್ತಾರೆ. ಊರ ಬೀದಿಗಳಿಗೆಲ್ಲ ಬಂದ ಚರಂಡಿಯು ಒಂದು ಕೇರಿಯ ಮುಂದೆ ಮಾತ್ರ ಏಕೆ ನಿಂತಿತೆಂದು ಶಿಬಿರದ ಸಮಾರೋಪದಲ್ಲಿ ಕೇಳುವವರು ವಿರಳ. ಕೇಳಿದರೆ ಊರ ಹಿರಿಯರಿಗೆ ಇರುಸುಮುರುಸು, ಪ್ರಾಂಶುಪಾಲರಿಗೆ ಆತಂಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮುದಾಯಸೇವೆಯನ್ನು ಅಂಕಸಹಿತವಾದ ಪಾಠವನ್ನಾಗಿಸಬೇಕೆಂದು ಸೂಚಿಸಿತು. ಅಂಕವನ್ನು ಸೇರಿಸುವುದು ಸುಲಭ. ಆ ಪ್ರಶ್ನೆಯನ್ನು ಸೇರಿಸುವುದು ಕಷ್ಟ.

ಪ್ರಶ್ನೆಯನ್ನು ಕಡೆಯವರೆಗೆ ಒಯ್ದ ವಿದ್ಯಾಲಯವೊಂದು ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿದೆ. ಅಮೆರಿಕದ ಈ ಪಾಠಕ್ರಮಗಳನ್ನು ಕುರಿತು ಬರೆಯುವಾಗ ಅದನ್ನು ಬಿಡಲಾಗದು. ಅದು ಯೇಸುಸಭೆಯವರೇ ನಡೆಸುವ ಮಧ್ಯ ಅಮೆರಿಕನ್ ವಿಶ್ವವಿದ್ಯಾಲಯ. 1979ರಿಂದ ಅದರ ಮುಖ್ಯಸ್ಥನಾಗಿದ್ದ ಇಗ್ನಾಸಿಯೊ ಎಯಾಕುರಿಯಾ ಸ್ಪೇನಿನಿಂದ ಬಂದ ತತ್ತ್ವಶಾಸ್ತ್ರಜ್ಞ. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಮಾತನಾಡುತ್ತ ಅವನು ಮಂಡಿಸಿದ ವಿಚಾರವು ಸೇವೆಗೆಂದು ವಿದ್ಯಾರ್ಥಿಗಳನ್ನು ಕಳುಹಿಸಿ ತೃಪ್ತರಾಗುವವರನ್ನು ಬೆಚ್ಚಿಬೀಳಿಸುವಂಥದು. ವಿಶ್ವವಿದ್ಯಾಲಯವು ಬಡವರಿಗೆ ಸಲ್ಲಿಸಬೇಕಾದುದು ವಿದ್ಯಾರ್ಥಿಗಳ ಬಿಡುವಿನ ಗಂಟೆಗಳನ್ನಲ್ಲ, ತನ್ನ ವಿದ್ಯೆಯನ್ನೇ. ಬೋಧನೆ, ಸಂಶೋಧನೆ ಎಲ್ಲವೂ ದೇಶದ ನೈಜಸ್ಥಿತಿಯನ್ನು ಅರಿತು, ದನಿಯಿಲ್ಲದವರ ಪರವಾಗಿ ಸತ್ಯವನ್ನು ನುಡಿಯುವುದರಲ್ಲಿ ತೊಡಗಬೇಕು. ಅವನ ಸಹೋದ್ಯೋಗಿಯಾಗಿದ್ದ ಮನಶ್ಶಾಸ್ತ್ರಜ್ಞ ಮಾರ್ತಿನ್ ಬಾರೊ 1986ರಲ್ಲಿ ಜನಾಭಿಪ್ರಾಯವನ್ನು ಸಂಗ್ರಹಿಸುವ ಸಂಸ್ಥೆಯೊಂದನ್ನು ಅಲ್ಲಿ ತೆರೆದನು. ಸರ್ಕಾರವು ಜನರ ಅಭಿಪ್ರಾಯವೆಂದು ಸಾರುವುದಕ್ಕೂ ಜನರು ನಿಜವಾಗಿ ಹೇಳುವುದಕ್ಕೂ ಇರುವ ಅಂತರವನ್ನು ಅಳೆದು ತೋರಿಸುವುದು ಅವನ ಸೇವೆಯ ಬಗೆ. ಆ ದೇಶದಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧವು ನಡೆದು ಸುಮಾರು 75,000 ಜನ ಮಡಿದರು. ಅಂಥಲ್ಲಿ ಅಂಕಿಅಂಶವೂ ಅಪರಾಧವಾಗಬಲ್ಲುದು.

1989ರ ನವೆಂಬರ್ 16ರ ನಸುಕಿಗೆ ಮುನ್ನ ಸೈನ್ಯದ ತುಕಡಿಯೊಂದು ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಪಾದ್ರಿಗಳ ನಿವಾಸಕ್ಕೆ ನುಗ್ಗಿ ಎಯಾಕುರಿಯಾ, ಮಾರ್ತಿನ್ ಬಾರೊ ಮತ್ತು ಇತರ ನಾಲ್ವರು ಪಾದ್ರಿಗಳನ್ನು ಗುಂಡಿಕ್ಕಿ ಕೊಂದಿತು. ಆ ಸಂಚಿನಲ್ಲಿ ಪಾಲುಗೊಂಡಿದ್ದ ಮಾಜಿ ಕರ್ನಲ್ ಒಬ್ಬನಿಗೆ ಸ್ಪೇನಿನ ನ್ಯಾಯಾಲಯವು 133 ವರ್ಷಗಳ ಶಿಕ್ಷೆಯನ್ನು ವಿಧಿಸಿದುದು 2020ರಲ್ಲಿ, ಮೂವತ್ತೊಂದು ವರ್ಷಗಳ ತರುವಾಯ.

ಇದಾದ ಮೇಲೆ ಅಮೆರಿಕದ ಯೇಸುಸಭೆಯ ಕಾಲೇಜುಗಳಿಗೆ ಸೇವೆಯ ಪಾಠವು ಹಿಂದಿನಂತೆ ಉಳಿಯಲಿಲ್ಲ. 2000ದ ಅಕ್ಟೋಬರಿನಲ್ಲಿ ಅರೂಪೆಯ ಉತ್ತರಾಧಿಕಾರಿಯಾದ ಕೊಲ್ವೆನ್‌ಬಾಖ್ ಅದೇ ಸಾಂತಾ ಕ್ಲಾರಾದಲ್ಲಿ ಮಾತನಾಡಿ, ಸೋಂಕಿನಿಂದ ಹೃದಯವು ಕರಗಿದಲ್ಲದೆ ಪರಿಕಲ್ಪನೆಗಳಿಂದ ಮಾತ್ರ ಬುದ್ಧಿಯು ತಿರುಗದೆಂಬ ಭಾವವನ್ನು ವ್ಯಕ್ತಪಡಿಸಿದನು. ವಿದ್ಯಾರ್ಥಿಗಳು ಮುಂದೆ ಏನಾಗುತ್ತಾರೆಂಬುದೇ ವಿದ್ಯಾಲಯದ ಅಳತೆಗೋಲೆಂದನು. ಅದಕ್ಕೊಂದು ವರ್ಷ ಮೊದಲು, 1999ರಲ್ಲಿ, ಸಾಂತಾ ಕ್ಲಾರಾದವರು 'ಕಾಸಾ ದೆ ಲಾ ಸೊಲಿದಾರಿದಾದ್' ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಎಲ್ ಸಾಲ್ವಡಾರಿಗೇ ಕಳುಹಿಸತೊಡಗಿದ್ದರು. ಸಾಲ್ವಡಾರಿನ ವಿದ್ಯಾರ್ಥಿಗಳೊಡನೆ ವಾಸ, ಹತವಾದ ಅಧ್ಯಾಪಕರ ವಿಶ್ವವಿದ್ಯಾಲಯದಲ್ಲಿ ಓದು, ವಾರದಲ್ಲಿ ಕೆಲವು ದಿನ ಬಡವರ ಬಡಾವಣೆಗಳಲ್ಲಿ ಜನರ ಜೊತೆಗಿರುವುದು. ಕಟ್ಟಡ ಕಟ್ಟುವ, ಬಣ್ಣ ಬಳಿಯುವ ಕೆಲಸವನ್ನು ಅಲ್ಲಿ ದೊಡ್ಡದು ಮಾಡಲಿಲ್ಲ. ಕುಳಿತು ಕೇಳುವುದೇ ಮುಖ್ಯವಾಯಿತು. ಇಲಿಚನ ಆಕ್ಷೇಪಕ್ಕೆ ಮೂವತ್ತು ವರ್ಷ ತಡವಾಗಿ ಬಂದ ಉತ್ತರದಂತಿದೆ ಇದು.

ಅಲ್ಲಿಗೆ ಹೋದ ವಿದ್ಯಾರ್ಥಿಗಳಿಗೆ ಪಾದ್ರಿಗಳ ಹೆಸರುಗಳು ಮೊದಲೇ ತಿಳಿದಿರುತ್ತವೆ. ಅವರ ಗ್ರಂಥಗಳನ್ನು ಓದಿರುತ್ತಾರೆ. ಸೈನಿಕರು ಆ ರಾತ್ರಿ ಕೊಂದವರು ಒಟ್ಟು ಎಂಟು ಜನವೆಂಬುದು ಮಾತ್ರ ಎಲ್ಲರ ನೆನಪಿನಲ್ಲಿರುವುದಿಲ್ಲ. ಉಳಿದಿಬ್ಬರು ಅಡುಗೆಯ ಕೆಲಸದ ಎಲ್ಬಾ ರಾಮೊಸ್ ಮತ್ತು ಅವಳ ಹದಿಹರೆಯದ ಮಗಳು ಸೆಲಿನಾ. ತಮ್ಮ ಮನೆಯ ಸುತ್ತ ಗುಂಡಿನ ಕಾಳಗ ನಡೆಯುತ್ತಿದ್ದುದರಿಂದ ಪಾದ್ರಿಗಳ ನಿವಾಸವೇ ಕ್ಷೇಮವೆಂದು ಅಂದು ಅಲ್ಲಿ ಮಲಗಿದ್ದರು. ಸಾಕ್ಷಿಗಳು ಉಳಿಯಬಾರದೆಂಬುದು ಆಜ್ಞೆಯಾಗಿತ್ತು. ಅಧ್ಯಾಪಕರು ಬಿದ್ದಿದ್ದ ಹುಲ್ಲುಹಾಸಿನಲ್ಲಿ ಎಲ್ಬಾಳ ಪತಿ ಒಬ್ದುಲಿಯೊ ಗುಲಾಬಿ ಗಿಡಗಳನ್ನು ನೆಟ್ಟನು. ಆ ಆವರಣದಲ್ಲಿ ತೋಟದ ಕೆಲಸವು ಅವನದೇ ಆಗಿತ್ತು.